ಎರಡರಿಂದ ಐದರವರೆಗೆ ಕತ್ತಲು

ನಮ್ಮ ಊರಿನಲ್ಲಿ ಸೂರ್ಯ ಮುಳುಗುತ್ತಾನೆ, ಅದಕ್ಕೇನೂ ಕೊರತೆಯಿಲ್ಲ. ಆದರೆ ಬೆಳಕು ಹೋಗುವುದಿಲ್ಲ. ಹೊರಟೆ ಹೊರಟೆ ಎನ್ನುತ್ತ ಗೇಟಿನ ಹತ್ತಿರ ನಿಂತು ಇನ್ನೂ ಒಂದು ಗಂಟೆ ಮಾತಾಡುವ ನೆಂಟರ ಹಾಗೆ ಅದು ಅಲ್ಲೇ ನಿಂತಿರುತ್ತದೆ. ಬೆಳಿಗ್ಗೆ ಸೂರ್ಯ ಬಂದು ಅದರ ಜೊತೆ ಸೇರಿಕೊಳ್ಳುತ್ತಾನೆ. ಬಾಗಿಲು ಹಾಕಿಕೊಂಡರೂ ಒಳಗೆ ಬೆಳಕಿರುತ್ತದೆ. ಹಂಡೆಗೆ ತಟ್ಟೆ ಮುಚ್ಚಿ ಸಂದಿಯಿಂದ ಬಗ್ಗಿ ನೋಡಿದರೆ ತಳದ ಕಲೆ ಕಾಣುತ್ತದೆ. ನಮಗೆ ಇದರಿಂದ ತೊಂದರೆಯೇನೂ ಆಗಿರಲಿಲ್ಲ. ನಿದ್ದೆ ಬಂದವರು ಬಂದ ಜಾಗದಲ್ಲೇ, ಬಂದ ಹೊತ್ತಿನಲ್ಲೇ, ಕಣ್ಣನ್ನು ಅರ್ಧ ಮುಚ್ಚಿಕೊಂಡು ಗೋಡೆಗೆ ಒರಗುತ್ತಾರೆ. ಉಳಿದವರು ಅವರನ್ನು ನೋಡುತ್ತ ಕೂತಿರುತ್ತಾರೆ. ಯಾರು ಗೊರಕೆ ಹೊಡೆದರು, ಯಾರು ನಿದ್ದೆಗಣ್ಣಿನಲ್ಲಿ ಯಾರ ಹೆಸರು ಹೇಳಿದರು ಎಂಬುದು ಊರಿಗೆಲ್ಲ ಗೊತ್ತಾದ ಮೇಲೆ ಕೊನೆಗೆ ಅವರಿಗೂ ಗೊತ್ತಾಗುತ್ತದೆ.

ನಾನು ಇಲ್ಲಿನ ವಾಚನಾಲಯ ನೋಡಿಕೊಳ್ಳುವವನು. ನನ್ನ ಕಿಟಕಿಯ ಎದುರಿಗೆ, ರಸ್ತೆಯ ಆಚೆ ಬದಿಗೆ, ಶಿವಸ್ವಾಮಿಯ ಮೈಕ್‌ಸೆಟ್ ಅಂಗಡಿ. ಅಂಗಡಿಯ ಬೆನ್ನಿಗೇ ಅವನ ಮನೆ. ಮದುವೆ, ನಾಮಕರಣ, ಚುನಾವಣೆ ಎಲ್ಲದಕ್ಕೂ ಕಂಬಕ್ಕೆ ಹಾರನ್ ಕಟ್ಟುವವನು ಅವನೇ. ಇಷ್ಟು ಗದ್ದಲದ ಕಸುಬು ಮಾಡಿಕೊಂಡಿದ್ದರೂ ತಾನಾಗಿ ಅವನು ಆಡುತ್ತಿದ್ದ ಮಾತು 'ಹಲೋ, ಮೈಕ್ ಟೆಸ್ಟಿಂಗ್' ಅಷ್ಟೇ. ಅಂಥವನಿಗೆ ಹೋದ ವರ್ಷ, ಬಸ್ಸಿನಲ್ಲಿ ಮೂರು ಗಂಟೆ ದೂರದ, ಕತ್ತಲಿರುವ ಒಂದು ಊರಿನಿಂದ ಇಂದುಮತಿ ಎಂಬ ಹೆಂಡತಿ ಬಂದಳು.

ಬಂದ ಮೂರನೆಯ ದಿನ ಅವಳು ಅತ್ತೆ ತಾಯಮ್ಮನನ್ನು ಕೇಳಿದಳಂತೆ: "ಅತ್ತೆ, ಇಲ್ಲಿ ಕತ್ತಲಾಗೋದು ಯಾವಾಗ?"

"ಕತ್ತಲು ಯಾಕಮ್ಮಾ?" ಎಂದಳಂತೆ ತಾಯಮ್ಮ. "ಏನಾದ್ರೂ ಬಚ್ಚಿಡೋದಿತ್ತಾ?"

ಎಂಟು ತಿಂಗಳಾದರೂ ಇಂದುಮತಿಗೆ ಸರಿಯಾಗಿ ನಿದ್ದೆ ಬರಲಿಲ್ಲ. ನಮ್ಮ ಊರಿಗೆ ಬರಬೇಕಾಗಿದ್ದ ಕತ್ತಲೆಲ್ಲ ಅವಳ ಕಣ್ಣಿನ ಕೆಳಗೆ ಬಂದು ಕೂತಿತು. ಶಿವಸ್ವಾಮಿ ಮಾಡದ ಉಪಾಯವಿಲ್ಲ. ಕಿಟಕಿಗೆ ರಗ್ಗು ಹೊಡೆದ. ಮಂಚದ ಸುತ್ತ ಶಾಮಿಯಾನದ ಬಟ್ಟೆ ಕಟ್ಟಿದ. ಅವಳಿಗೆ ಕರೀ ಕಂಬಳಿ ತಂದುಕೊಟ್ಟ. ಅವಳು ಅದರೊಳಗೆ ಮಲಗಿ ಕಂಬಳಿಯ ಚೀಟಿಯಲ್ಲಿದ್ದ ಒಗೆಯುವ ಸೂಚನೆಗಳನ್ನೆಲ್ಲ ಓದಿ ಮುಗಿಸಿದಳು. ಆಮೇಲೆ ನನ್ನ ಹತ್ತಿರ ಬಂದಳು.

"ಸಾರ್, ನಿದ್ದೆ ಬರೋ ಅಂಥ ಪುಸ್ತಕ ಯಾವುದಾದ್ರೂ ಇದ್ರೆ ಕೊಡಿ."

ನಾನು ಬಹಳ ಯೋಚಿಸಿ, ಒಂದು ವಿಚಾರ ಸಂಕಿರಣದ ಪ್ರಬಂಧಗಳ ಸಂಪುಟವನ್ನು ಕೊಟ್ಟೆ. ಇಪ್ಪತ್ತಾರು ವರ್ಷಗಳಲ್ಲಿ ಅದನ್ನು ಯಾರೂ ಮೂರನೇ ಪುಟ ದಾಟಿಸಿರಲಿಲ್ಲ. ನಾಲ್ಕು ದಿನಕ್ಕೆ ವಾಪಸು ತಂದು, "ಎರಡನೇ ಸಂಪುಟ ಇದೆಯಾ?" ಎಂದಳು. ನನಗೆ ಆಗ ಪರಿಸ್ಥಿತಿ ಎಷ್ಟು ಗಂಭೀರ ಎಂದು ಅರ್ಥವಾಯಿತು.

ಅವತ್ತೇ ಅವಳು ಇನ್ನೊಂದು ಮಾತೂ ಹೇಳಿದಳು. "ಬೆಳಕಿಗೆ ಹೇಗೋ ಹೊಂದ್ಕೊಂಡುಬಿಡ್ತಿದ್ದೆ ಸಾರ್. ಆದ್ರೆ ಇಲ್ಲಿ ಯಾವ ಹೊತ್ತಲ್ಲಿ ನೋಡಿದ್ರೂ ಯಾರೋ ಒಬ್ರು ನೋಡ್ತಾ ಇರ್ತಾರೆ. ನಮ್ಮೂರಲ್ಲಿ ಕತ್ತಲಾದ್ರೆ ಎಲ್ಲರೂ ಒಂದೇ ಸಲ ನೋಡೋದು ಬಿಟ್ಟುಬಿಡ್ತಾರೆ." ಚೆನ್ನಾಗಿ ಹೇಳಿದಳಲ್ಲ ಅಂದುಕೊಂಡೆ. ಚೆನ್ನಾಗಿ ಹೇಳಿದ ಮಾತುಗಳನ್ನು ನಾನು ಸಾಮಾನ್ಯವಾಗಿ ಮರೆಯುತ್ತೇನೆ. ಇದನ್ನೂ ಮರೆತೆ.

ಹೀಗಿರುವಾಗ ಪಾರ್ಸೆಲ್ ಬಂತು. ಶಿವಸ್ವಾಮಿ ಯಾವುದೋ ಪಟ್ಟಣದ ಹಳೇ ರೆಕಾರ್ಡ್ ವ್ಯಾಪಾರಿಗೆ, ಮದುವೆ ಮನೆಗೆ ನಾದಸ್ವರದ ರೆಕಾರ್ಡ್ ಬೇಕೆಂದು ಬರೆದಿದ್ದ. ಬಂದದ್ದೇ ಬೇರೆ. ಹೊದಿಕೆಯ ಮುಂದುಗಡೆ ಕಪ್ಪು ಕಾಡು, ಅದರ ಹಿಂದೆ ಅದಕ್ಕಿಂತ ಕಪ್ಪಾದ ಒಂದು ಬೆಟ್ಟ. ಹಿಂದುಗಡೆ ಐದು ಜನ ಗಡ್ಡದವರ ಫೋಟೊ. ಯಾರದೋ ತಿಥಿಗೆ ಬಂದು ಊಟ ತಡವಾದವರ ಹಾಗೆ ನಿಂತಿದ್ದರು. ಅವರ ತಂಡದ ಹೆಸರಿನ ಎರಡು ಅಕ್ಷರಗಳ ತಲೆಯ ಮೇಲೆ ಜೋಡಿ ಚುಕ್ಕೆಗಳಿದ್ದವು. ಶಿವಸ್ವಾಮಿ ಅದನ್ನು ನನ್ನ ಮೇಜಿನ ಮೇಲೆ ತಂದಿಟ್ಟ. ನಾನು ವಿಶ್ವಕೋಶ ತೆಗೆದು, ಇದು ಸ್ವೀಡನ್ ಎಂಬ ದೇಶದ್ದು ಎಂದೆ. ಸಣ್ಣ ಅಕ್ಷರದ ಇಂಗ್ಲಿಷನ್ನು ಓದಿ, ಪ್ರೋಗ್ರೆಸಿವ್ ರಾಕ್ ಎಂಬ ಬಗೆ, ಹಾಡುವವರು ಯಾರೂ ಇಲ್ಲ, ಬರೀ ವಾದ್ಯ ಎಂದೂ ಹೇಳಿದೆ.

"ಹಂಗಂದ್ರೇನು ಸಾರ್?"

"ಪ್ರಗತಿಪರರು ಅಂತ."

"ಮದುವೆಗೆ ಆಗುತ್ತಾ?"

"ರಿಜಿಸ್ಟರ್ ಮದುವೆಗೆ ಆಗಬಹುದು."

ಹಾಕಿ ನೋಡೋಣ ಎಂದು ಹೋದ. ಮಧ್ಯಾಹ್ನ ಎರಡು ಗಂಟೆ. ಅಂಗಡಿಯ ಮುಂದಿನ ಕಂಬದ ನಾಲ್ಕು ಹಾರನ್‌ಗಳೂ ಚಾಲೂ ಇದ್ದವು. ಮೊದಲು ಮುಳ್ಳಿನ ಚಟಪಟ ಸದ್ದು. ಆಮೇಲೆ ದೊಡ್ಡ ಹಾರ್ಮೋನಿಯಂ ಒಂದನ್ನು ಬಾವಿಯೊಳಗೆ ಇಳಿಸಿ ನುಡಿಸಿದಂಥ ಒಂದು ಸ್ವರ. ಅದು ಅವಸರವಿಲ್ಲದೆ ಕೆಳಗೆ ಕೆಳಗೆ ಹೋಯಿತು. ಅದರ ಕೆಳಗಿನಿಂದ ತಂತಿಯ ವಾದ್ಯವೊಂದು ಗುಂ ಗುಂ ಎಂದು ಎದ್ದಿತು. ಡ್ರಮ್ಮಿನವನು ಏಳು ಏಳಾಗಿ ಎಣಿಸುತ್ತ ಬಂದ. ಎದುರಿನ ಬೋರ್ಡಿನಲ್ಲಿ 'ಶಿವಸ್ವಾಮಿ ಸೌಂಡ್ಸ್' ಎಂದಿದ್ದುದರಲ್ಲಿ ಮೊದಲು 'ಸೌಂಡ್ಸ್' ಮಂಕಾಯಿತು, ಆಮೇಲೆ ಶಿವಸ್ವಾಮಿ ಹೋದ, ಆಮೇಲೆ ರಸ್ತೆಯೇ ಹೋಯಿತು. ಹಾರನ್ನಿನ ಸದ್ದು ಮುಟ್ಟುವಷ್ಟು ದೂರವೂ ಊರು ಕಪ್ಪಾಯಿತು.

ನಾನು ಓದಿಕೊಂಡವನು. ಕತ್ತಲೆಂದರೆ ಬೆಳಕಿನ ಅಭಾವ ಎಂದು ತಿಳಿದವನು. ತಿಳಿದೂ ಮೇಜಿನ ಕೆಳಗೆ ಹೋಗಿ, ಎರಡು ಅಂಗೈಗಳಿಂದ ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡು ಕೂತೆ. ಊರಿನಲ್ಲಿ ಎಲ್ಲರೂ ಅದನ್ನೇ ಮಾಡಿದರೆಂದು ಆಮೇಲೆ ತಿಳಿಯಿತು. ಕತ್ತಲಲ್ಲಿ ಕಣ್ಣು ತೆರೆದಿಟ್ಟುಕೊಂಡು ಮಾಡುವುದಾದರೂ ಏನು?

ಒಂದು ಬದಿ ಮುಗಿದಾಗ ಬೆಳಕು ಮರಳಿತು. ನಾವು ಕಣ್ಣು ಬಿಟ್ಟು ಅಂಗಡಿಗೆ ಓಡಿ ನೋಡಿದರೆ, ಇಂದುಮತಿ ನಡುಮನೆಯ ಹೊಸ್ತಿಲ ಮೇಲೆ, ತೊಡೆಯ ಮೇಲೆ ಮೊರ ಇಟ್ಟುಕೊಂಡೇ, ಬಾಗಿಲಿಗೆ ತಲೆಯಾನಿಸಿ ಕೂತಿದ್ದಳು. ಅಕ್ಕಿಯೆಲ್ಲ ಚೆಲ್ಲಿತ್ತು. ಕಣ್ಣು ಅರ್ಧವಲ್ಲ, ಪೂರ್ತಿ ಮುಚ್ಚಿತ್ತು. ಅದನ್ನು ನೋಡಿ ಗಾಬರಿಯಾದ ತಾಯಮ್ಮ ಸೊಸೆಯ ಮೂಗಿನ ಹತ್ತಿರ ಬೆರಳು ಹಿಡಿದಳು. ಸ್ವಲ್ಪ ಹೊತ್ತು ಹಿಡಿದೇ ಇದ್ದಳು. ಆಮೇಲೆ ಮಗನ ಕಡೆ ತಿರುಗಿ, ಸಣ್ಣ ದನಿಯಲ್ಲಿ ಹೇಳಿದಳು:

"ಮಲಗಿದಾಳೆ ಕಣೋ. ಇನ್ನೊಂದು ಮಗ್ಗುಲೂ ಹಾಕು."

ಪಂಚಾಯಿತಿ ಸೇರಿತು. ಆಕ್ಷೇಪಿಸಬೇಕೆಂದು ಕೆಲವರು ಸಿದ್ಧರಾಗಿಯೇ ಬಂದಿದ್ದರು, ಆದರೆ ಹಾಡಿನಲ್ಲಿ ಮಾತೇ ಇಲ್ಲದ್ದರಿಂದ ಯಾವುದನ್ನು ಆಕ್ಷೇಪಿಸುವುದೆಂದು ತೋಚಲಿಲ್ಲ. ನನ್ನ ಅಭಿಪ್ರಾಯ ಕೇಳಿದರು. ಆ ದೇಶದಲ್ಲಿ ವರ್ಷದಲ್ಲಿ ಅರ್ಧ ಕಾಲ ಕತ್ತಲು ಬೇಕಾದಷ್ಟು ಬೀಳುತ್ತದೆಂದು ಪುಸ್ತಕ ಹೇಳುತ್ತದೆ, ಹೆಚ್ಚಾದ ಮಾವಿನಕಾಯಿಯನ್ನು ನಾವು ಉಪ್ಪಿನಕಾಯಿ ಹಾಕುವ ಹಾಗೆ ಅವರು ಇದನ್ನು ಮಾಡಿಟ್ಟಿರಬೇಕು ಎಂದೆ. ಎಲ್ಲರಿಗೂ ಸರಿ ಕಂಡಿತು. ದಿನವೂ ಎರಡರಿಂದ ಐದರವರೆಗೆ ಕತ್ತಲು, ಒಂದಾದ ಮೇಲೊಂದರಂತೆ ನಾಲ್ಕು ಸುತ್ತು, ಮೊದಲೊಮ್ಮೆ ಸೈರನ್ ಎಂದು ತೀರ್ಮಾನವಾಯಿತು.

ಒಂದು ತಿಂಗಳಲ್ಲಿ ನಾವು ಕತ್ತಲಿನ ಜನವಾದೆವು. ಸೈರನ್ ಆದ ತಕ್ಷಣ ಎಲ್ಲರೂ ಇದ್ದಲ್ಲೇ ಕೂತು ಕಣ್ಣು ಬಿಗಿಯುತ್ತಿದ್ದರು. ಕೋಳಿಗಳು ದಿನಕ್ಕೆ ಎಂಟು ಬೆಳಗು ಕೂಗಿ ಗಂಟಲು ಕಟ್ಟಿಕೊಂಡವು. ಕತ್ತಲಿದ್ದ ಮೇಲೆ ಕಳ್ಳತನವೂ ಇರಬೇಕೆಂದು ಬಡಗಿ ನಿಂಗಯ್ಯ ಒಂದು ಮಧ್ಯಾಹ್ನ ಧೈರ್ಯ ಮಾಡಿ ಪಕ್ಕದ ಮನೆಯ ಒನಕೆ ಕದ್ದ. ಕದಿಯುವಾಗ ಅವನ ಕಣ್ಣೂ ಮುಚ್ಚಿದ್ದರಿಂದ, ಐದು ಗಂಟೆಗೆ ನೋಡಿಕೊಂಡರೆ ಅದು ಅವನದೇ ಒನಕೆಯಾಗಿತ್ತು. ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿಯೊನೆಟ್ ನುಡಿಸುವ ಅನ್ವರ್ ಸಾಹೇಬರು ಮಾತ್ರ ಮೂರು ದಿನ ಬೆರಳು ಮಡಿಸಿ ಎಣಿಸಿ, "ಇದು ಮಿಶ್ರ ಛಾಪು ಕಣ್ರೀ. ಅಷ್ಟು ದೂರದಿಂದ ಬಂದು ನಮ್ಮ ತಾಳನೇ ಬಾರಿಸ್ತಾವ್ರೆ" ಎಂದು ಸಮಾಧಾನಪಟ್ಟರು.

ಇಂದುಮತಿ ದಿನಕ್ಕೆ ಮೂರು ಗಂಟೆ ಮಲಗಿದಳು. ಶಿವಸ್ವಾಮಿ ಅವಳ ಪಕ್ಕದಲ್ಲೇ ಪ್ಲೇಯರ್ ಇಟ್ಟುಕೊಂಡು ಕೂರುತ್ತಿದ್ದ. ಅವನು ರೆಕಾರ್ಡಿನ ಮಗ್ಗುಲು ಬದಲಿಸಿದಾಗ, ನಡುವೆ ಅರ್ಧ ನಿಮಿಷ ಬೆಳಕು ಬರುತ್ತಿತ್ತು. ಆಗ ಅವಳೂ ನಿದ್ದೆಯಲ್ಲೇ ಮಗ್ಗುಲು ಬದಲಿಸುತ್ತಿದ್ದಳಂತೆ. ಅವಳ ಕಣ್ಣಿನ ಕೆಳಗಿನ ಕಪ್ಪು ತಿಳಿಯಾಯಿತು. ಅವಳು ನಗುತ್ತಾಳೆಂಬುದು ನಮಗೆಲ್ಲ ಮೊದಲ ಸಲ ಗೊತ್ತಾಯಿತು. ಒಮ್ಮೆ ನನ್ನನ್ನು ಕೇಳಿದಳು:

"ನಿನ್ನೆ ಮೂರನೇ ಸುತ್ತಿನಲ್ಲಿ ಎಚ್ಚರ ಆಗಿ ಜಗುಲಿಗೆ ಬಂದಿದ್ದೆ. ನಕ್ಷತ್ರ ಎಷ್ಟು ಚೆನ್ನಾಗಿ ಮೂಡಿದ್ವು, ನೋಡಿದ್ರಾ ಸಾರ್?"

"ನೋಡದೆ ಏನಮ್ಮಾ," ಎಂದೆ. "ಹೋದ ವಾರಕ್ಕಿಂತ ಜಾಸ್ತಿ ಇದ್ದವು."

ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಹೊರಟುಹೋದಳು.

ಇದಕ್ಕೆ ಕುತ್ತು ತಂದದ್ದು ತಾಯಮ್ಮನ ಪ್ರೀತಿ. ದಿನಕ್ಕೆ ನಾಲ್ಕು ಸುತ್ತು ತಿರುಗಿ ತಿರುಗಿ ರೆಕಾರ್ಡಿನ ಚಟಪಟ ಹೆಚ್ಚಾಗಿತ್ತು. ಸಾಸಿವೆ ಸಿಡಿದ ಹಾಗೆ ಸಿಡಿಯುತ್ತೆ, ಮಗುವಿಗೆ ನಿದ್ದೆ ಕೆಡುತ್ತೆ ಎಂದು ಅವಳಿಗೆ ಸಂಕಟ. ಸೊಸೆಯನ್ನು ಅವಳು ಮಗು ಎನ್ನಲು ಶುರುಮಾಡಿ ಆಗ ಎರಡು ವಾರವಾಗಿತ್ತು. ಒಂದು ಬೆಳಿಗ್ಗೆ, ಶಿವಸ್ವಾಮಿ ಹಾರನ್ ಕಟ್ಟಲು ಹೋದಾಗ, ಅವಳು ರೆಕಾರ್ಡನ್ನು ಬಚ್ಚಲಿಗೆ ಒಯ್ದು, ಸೀಗೇಕಾಯಿ ಹಾಕಿ ತಿಕ್ಕಿ, ನಾಲ್ಕು ನೀರಿನಲ್ಲಿ ಜಾಲಿಸಿ, ತಾರಸಿಯ ಮೇಲೆ ಹಪ್ಪಳದ ಪಕ್ಕದಲ್ಲಿ ಒಣಹಾಕಿದಳು. ನಮ್ಮ ಊರಿನಲ್ಲಿ ತೊಳೆದದ್ದನ್ನು ಬಿಸಿಲಿಗೆ ಹಾಕದೆ ಒಳಗೆ ತಂದವರಿಲ್ಲ.

ಮಧ್ಯಾಹ್ನಕ್ಕೆ ಹಪ್ಪಳ ಯಾವುದು, ಸ್ವೀಡನ್ ಯಾವುದು ಎಂದು ತಿಳಿಯುವಂತಿರಲಿಲ್ಲ. ಹಾಗೆಯೇ ಹಾಕಿದರು. ಮುಳ್ಳು ಏರಿದಾಗ ಬೆಳಕು, ಇಳಿದಾಗ ಕತ್ತಲು. ಏರಿದಾಗ ಬೆಳಕು, ಇಳಿದಾಗ ಕತ್ತಲು. ಇಂದುಮತಿ ಚಾಪೆಯ ಮೇಲೆ ಎದ್ದು ಕೂತಳು. ದೋಣಿಯಲ್ಲಿ ಕೂತ ಹಾಗೆ ಆಗ್ತಿದೆ ಎಂದಳು. ರೆಕಾರ್ಡನ್ನು ಚಪ್ಪಟೆ ಮಾಡಲು ಶಿವಸ್ವಾಮಿ ನನ್ನ ವಿಶ್ವಕೋಶದ ಹನ್ನೆರಡು ಸಂಪುಟಗಳನ್ನು ತಂದು ಅದರ ಮೇಲೆ ಹೇರಿದ. ಜ್ಞಾನದ ಭಾರ ಎಂಥದೆಂದು ಮೂರನೆಯ ದಿನ ಗೊತ್ತಾಯಿತು. ತೆಗೆದು ನೋಡಿದರೆ ಎರಡು ತುಂಡು. ವ್ಯಾಪಾರಿಗೆ ಬರೆದದ್ದಕ್ಕೆ, ಅಂಥದು ಇನ್ನೊಂದಿಲ್ಲ, ಬೇಕಾದರೆ ನಾದಸ್ವರ ಇದೆ ಎಂದು ಉತ್ತರ ಬಂತು.

ತಾಯಮ್ಮ ಎರಡು ದಿನ ಊಟ ಬಿಟ್ಟಳು. "ನಿದ್ದೆ ಚೆನ್ನಾಗಿ ಬರ್ಲಿ ಅಂತ ತೊಳೆದೆ ಕಣೇ," ಎಂದು ಸೊಸೆಯ ಮುಂದೆ ಕೂತಳು. "ಗೊತ್ತು ಅತ್ತೆ, ಊಟ ಮಾಡಿ" ಎಂದು ಸೊಸೆಯೇ ಬಡಿಸಿದಳು. ಹನ್ನೊಂದು ದಿನಗಳಿಂದ ಅವಳು ಕಣ್ಣು ಮುಚ್ಚಿರಲಿಲ್ಲ.

ಆ ವಾರ ಅವಳು ತವರಿಗೆ ಕಾಗದ ಬರೆದಳು. ಅಣ್ಣ ಸೋಮವಾರದ ಬಸ್ಸಿಗೆ ಬಂದು ಕರೆದುಕೊಂಡು ಹೋಗುವುದೆಂದಾಯಿತು. ಶುಕ್ರವಾರವೇ ಟ್ರಂಕು ಕಟ್ಟಿ ಬಾಗಿಲ ಹತ್ತಿರ ಇಟ್ಟಳು. ಗಂಡ ಹೆಂಡತಿ ಅಂಗಡಿಯ ಮೆಟ್ಟಿಲ ಮೇಲೆ ಕೂತು ಮಾತಾಡಿದ್ದು ನನ್ನ ಕಿಟಕಿಗೆ ಕೇಳಿಸಿತು. ಕೇಳಿಸದಿರಲೆಂದು ನಾನು ಏನೂ ಮಾಡಲಿಲ್ಲ ಎಂಬುದೂ ನಿಜ.

"ನಿಮ್ಮ ಮೇಲೆ ನಂಗೇನೂ ಬೇಜಾರಿಲ್ಲ," ಎಂದಳು ಇಂದುಮತಿ. "ಆದ್ರೆ ಹೀಗೇ ಎಷ್ಟು ದಿನ? ನಿನ್ನೆ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಮೊನ್ನೆ ನೀವು ಒಳಗೆ ಬಂದ್ರಿ, ನಿಮ್ಮ ಹೆಸರೇ ನೆನಪಾಗ್ಲಿಲ್ಲ."

"ಮತ್ತೆ ಯಾರು ಅಂದ್ಕೊಂಡೆ?"

"ಮೈಕ್‌ಸೆಟ್‌ನವರು ಅಂದ್ಕೊಂಡೆ."

ಶಿವಸ್ವಾಮಿ ಕೇಳಿದ: "ಹೋದ್ರೆ, ವಾಪಸು ಬರ್ತೀಯಾ?"

"ಗೊತ್ತಿಲ್ಲ ರೀ. ಮೊದಲು ಮಲಗಿ ಎದ್ದು ಆಮೇಲೆ ಹೇಳ್ತೀನಿ."

ಅರ್ಧ ಗಂಟೆಯ ನಂತರ ಅವನು ವಾಚನಾಲಯಕ್ಕೆ ಬಂದು, ನನ್ನ ಎದುರು ನಿಂತು, ಜೀವಮಾನದ ಅತಿ ಉದ್ದದ ಮಾತನ್ನು ಆಡಿದ. "ಸಾರ್, ಆ ರೆಕಾರ್ಡು ನಂಗೆ ಬಾಯಿಪಾಠ ಇದೆ. ನಿಮಗೂ ಇದೆ. ಊರಿಗೆಲ್ಲ ಇದೆ, ದಿನಾ ಕಣ್ಮುಚ್ಕೊಂಡು ಕೂತು ಕೇಳೋದು ಬಿಟ್ರೆ ಬೇರೆ ಕೆಲಸ ಏನಿತ್ತು? ಅವರು ಐದು ಜನ ಇದ್ರು. ನಾವು ಅದಕ್ಕಿಂತ ಜಾಸ್ತಿ ಇದೀವಿ."

ಶನಿವಾರವೆಲ್ಲ ತಾಲೀಮು ನಡೆಯಿತು. ಬಾವಿಯೊಳಗಿನ ಹಾರ್ಮೋನಿಯಂ ಶಿವಸ್ವಾಮಿಗೆ. ಅವನ ತಂದೆಯ ಕಾಲದ, ಕಾಲಲ್ಲಿ ತುಳಿದು ನುಡಿಸುವ ಹಾರ್ಮೋನಿಯಂ ಅಟ್ಟದಿಂದ ಇಳಿಯಿತು. ಮೇಲಿನ ರಾಗವೆಲ್ಲ ಅನ್ವರ್ ಸಾಹೇಬರ ಕ್ಲಾರಿಯೊನೆಟ್ಟಿಗೆ. ಗುಂ ಗುಂ ಎನ್ನುವುದನ್ನು ನಾವೆಲ್ಲ ಬಾಯಿ ಮುಚ್ಚಿಕೊಂಡು ಮಾಡುವುದು. ಡ್ರಮ್ಮಿಗೆ ದರ್ಜಿ ಪುಟ್ಟಮಾದಪ್ಪ ಮುಂದೆ ಬಂದ. ಆದರೆ ಡ್ರಮ್ಮು ಎಲ್ಲಿಂದ ತರುವುದು? ಅವನ ಕಣ್ಣು ಬಾಗಿಲ ಹತ್ತಿರವಿದ್ದ ಟ್ರಂಕಿನ ಮೇಲೆ ಬಿತ್ತು. ಕೇಳಲು ಎಲ್ಲರಿಗೂ ಸಂಕೋಚ. ಕೊನೆಗೆ ಇಂದುಮತಿಯೇ, "ಬಾರಿಸಿ, ಒಳಗಿರೋ ಸೀರೆ ಮಾತ್ರ ನಲುಗಬಾರದು" ಎಂದಳು. ತುಂಬಿದ ಟ್ರಂಕು ದಪ್ ದಪ್ ಎಂದು ಮಂಕಾಗಿ ಸದ್ದು ಮಾಡಿತು. ಪುಟ್ಟಮಾದಪ್ಪನಿಗೆ ಅಷ್ಟು ತೃಪ್ತಿಯಾಗಲಿಲ್ಲ, ಆದರೆ ಖಾಲಿ ಮಾಡಿಕೊಡಮ್ಮಾ ಎಂದು ಹೇಳುವವರು ಯಾರು?

ಎಲ್ಲ ಸಿದ್ಧವಾದ ಮೇಲೂ ಏನೋ ಕೊರತೆಯೆನಿಸಿತು. ಅದನ್ನು ಕಂಡುಹಿಡಿದವಳು ತಾಯಮ್ಮ. "ಚಟಪಟ ಎಲ್ಲಿ?" ಎಂದಳು. ಅದು ಹಾಡಿನ ಭಾಗ ಅಲ್ಲ, ಮುಳ್ಳಿನ ಸದ್ದು ಎಂದು ನಾನು ವಿವರಿಸಿದೆ, ಯಾರೂ ಒಪ್ಪಲಿಲ್ಲ. ಅದಿಲ್ಲದೆ ಕತ್ತಲು ಶುರುವಾದದ್ದನ್ನು ಅವರು ನೋಡಿರಲಿಲ್ಲ. "ಅದನ್ನ ಕಳೆದವಳು ನಾನು, ನಾನೇ ಕೊಡ್ತೀನಿ" ಎಂದು ತಾಯಮ್ಮ ಪಂಪ್ ಸ್ಟವ್, ಬಾಣಲೆ, ಅರ್ಧ ಸೇರು ಸಾಸಿವೆ ತಂದು ಮೈಕಿನ ಮುಂದೆ ಕೂತಳು.

ಭಾನುವಾರ ಎರಡು ಗಂಟೆಗೆ ಸೈರನ್ ಆಯಿತು. ಊರೆಲ್ಲ ಅಂಗಡಿಯ ಮುಂದೆ ಸೇರಿತ್ತು. ಇಂದುಮತಿ ಜಗುಲಿಯ ಮೇಲೆ ಚಾಪೆ ಹಾಸಿಕೊಂಡು, ಮೊಣಕಾಲು ಕಟ್ಟಿಕೊಂಡು ಕೂತಿದ್ದಳು. ಸ್ಟವ್ ಭುಸುಗುಟ್ಟಿತು, ಸಾಸಿವೆ ಸಿಡಿಯಿತು, ನಾಲ್ಕು ಹಾರನ್‌ಗಳಲ್ಲಿ ಒಗ್ಗರಣೆಯ ಸದ್ದು ಊರಿನ ಮೇಲೆ ಹರಡಿತು. ನಾವು ಅಭ್ಯಾಸದಂತೆ ಕಣ್ಣು ಬಿಗಿದೆವು. ಹಾರ್ಮೋನಿಯಂ ಇಳಿಯಿತು. ಕ್ಲಾರಿಯೊನೆಟ್ಟು ಅದರ ಹಿಂದೆ ಹೋಗಿ, ದಾರಿಯಲ್ಲಿ ಯಾವುದೋ ಮದುವೆಯ ಮೆರವಣಿಗೆ ಹೊಕ್ಕು, ನೆನಪಾಗಿ ವಾಪಸು ಬಂತು. ಅರ್ಧಕ್ಕೆ ಶಿವಸ್ವಾಮಿ "ಮಗ್ಗುಲು" ಎಂದ. ಎಲ್ಲರೂ ನಿಲ್ಲಿಸಿ ಕಣ್ಣು ಬಿಟ್ಟರು. ಸುತ್ತಲೂ ಬೆಳಕು.

"ನೋಡಿದ್ರಾ," ಎಂದ ಪುಟ್ಟಮಾದಪ್ಪ, ಸಡಗರದಿಂದ. "ನಿಲ್ಸಿದ ತಕ್ಷಣ ಬೆಳಕು ಬಂತು."

"ಕತ್ತಲು ಸ್ವಲ್ಪ ಕೆಂಪಗಿತ್ತು," ಎಂದಳು ತಾಯಮ್ಮ, ಬೆವರು ಒರೆಸಿಕೊಳ್ಳುತ್ತ.

"ಮೊದಲ ಸಲ ಅಲ್ವಾ ತಾಯಮ್ಮಾ," ಎಂದರು ಅನ್ವರ್ ಸಾಹೇಬರು. "ನುಡಿಸ್ತಾ ನುಡಿಸ್ತಾ ಕಪ್ಪಾಗುತ್ತೆ."

ಎರಡನೆಯ ಬದಿ ಶುರುವಾಯಿತು. ನನ್ನ ಪಕ್ಕದವರ ಗುಂ ಗುಂ, ಟ್ರಂಕಿನ ದಪ್ ದಪ್, ಎಣ್ಣೆಯ ವಾಸನೆ. ಆಗ ನನಗೆ ನಕ್ಷತ್ರದ ವಿಷಯದಲ್ಲಿ ಆಡಿದ್ದ ಸುಳ್ಳು ನೆನಪಾಯಿತು. ಈ ಸಲವಾದರೂ ಒಂದೆರಡು ನೋಡಿಬಿಡೋಣ ಎಂದುಕೊಂಡು, ಧೈರ್ಯ ಮಾಡಿ ಕಣ್ಣು ತೆರೆದೆ.

ಬಿಸಿಲು ರಣಗುಟ್ಟುತ್ತಿತ್ತು. ರಸ್ತೆ, ಬೋರ್ಡು, ಬಾಣಲೆ, ಎಲ್ಲವೂ ಇದ್ದಲ್ಲೇ ಇದ್ದವು. ಇಡೀ ಊರು, ಪಂಚಾಯಿತಿ ಅಧ್ಯಕ್ಷರಿಂದ ಬಡಗಿ ನಿಂಗಯ್ಯನ ತನಕ, ಕೊಡೆ ಬಿಡಿಸಬೇಕಾದಂಥ ಬೆಳಕಿನಲ್ಲಿ ಮುಖ ಕಿವುಚಿಕೊಂಡು, ಕಣ್ಣು ಬಿಗಿದುಕೊಂಡು, ಗುಂಯ್ಗುಡುತ್ತ ಕೂತಿತ್ತು. ಶಿವಸ್ವಾಮಿ ತುಟಿ ಕಚ್ಚಿ ಹಾರ್ಮೋನಿಯಂ ತುಳಿಯುತ್ತಿದ್ದ. ಅವನ ಮುಚ್ಚಿದ ಕಣ್ಣಿನ ಅಂಚಿನಲ್ಲಿ ನೀರಿತ್ತು, ಅಥವಾ ಬೆವರು. ತಾಯಮ್ಮ ಕಣ್ಣು ತೆರೆಯದೆ, ಕೈಯಳತೆಯಲ್ಲೇ ಸಾಸಿವೆ ಹಾಕುತ್ತಿದ್ದಳು.

ಇಂದುಮತಿ ಮಾತ್ರ ಕಣ್ಣು ತೆರೆದಿದ್ದಳು. ಅವಳು ಒಬ್ಬೊಬ್ಬರನ್ನೇ ನೋಡುತ್ತಿದ್ದಳು, ಅವಸರವಿಲ್ಲದೆ, ಸಾಲಾಗಿ. ಹಾಗೆ ನೋಡುತ್ತ ನನ್ನ ಮುಖಕ್ಕೆ ಬಂದಳು. ನಾನು ಸಿಕ್ಕಿಬಿದ್ದೆ. ಹೇಳಿಬಿಡುತ್ತಾಳೆ ಅಂದುಕೊಂಡೆ, ಹೇಳಿದರೆ ಮುಗಿಯಿತು. ಅವಳು ತುಟಿಯ ಮೇಲೆ ಬೆರಳಿಟ್ಟಳು. ಆಮೇಲೆ ಅದೇ ಬೆರಳಿನಿಂದ, ಶಾಲೆಯಲ್ಲಿ ಮಕ್ಕಳಿಗೆ ತೋರಿಸುವ ಹಾಗೆ, ಕಣ್ಣು ಮುಚ್ಚಿ ಎಂದು ಸನ್ನೆ ಮಾಡಿದಳು. ಇಪ್ಪತ್ತಾರು ವರ್ಷ ಗಂಭೀರವಾಗಿ ವಾಚನಾಲಯ ನಡೆಸಿದ ನಾನು ತಕ್ಷಣ ಮುಚ್ಚಿದೆ. ಮುಚ್ಚುವ ಮೊದಲು ಕಂಡದ್ದಿಷ್ಟು: ಅವಳು ಸೆರಗನ್ನು ಭುಜಕ್ಕೆ ಹೊದ್ದು, ಯಾರೂ ನೋಡದ ಆ ಬಿಸಿಲಿನಲ್ಲಿ, ಗಂಡನ ಕಡೆ ಮುಖ ಮಾಡಿ ಮಲಗಿದಳು.

ಹಾಡು ಎಲ್ಲಿ ಮುಗಿಸುವುದೆಂದು ಯಾರಿಗೂ ಖಚಿತವಿಲ್ಲದೆ ಅವತ್ತು ಕತ್ತಲು ಐದೂವರೆಯ ತನಕ ನಡೆಯಿತು. ಸಾಸಿವೆ ಮುಗಿದ ಮೇಲೆ ತಾಯಮ್ಮ ಜೀರಿಗೆ ಹಾಕಿದಳು.

ಸೋಮವಾರ ಒಂದೂವರೆ ಬಸ್ಸಿಗೆ ಅಣ್ಣ ಬಂದ. ದಪ್ಪ ಮೀಸೆಯ, ನೇರ ಮಾತಿನ ಮನುಷ್ಯ. ತಂಗಿಗೆ ಏನಾಗಿದೆ, ಯಾರು ಏನು ಮಾಡಿದರು ಎಂದು ದಾರಿಯುದ್ದಕ್ಕೂ ಯೋಚಿಸಿಕೊಂಡೇ ಬಂದಂತಿತ್ತು. ಇಂದುಮತಿ ಅವನನ್ನು ಕೂರಿಸಿ ಊಟ ಬಡಿಸಿದಳು. ಅವನು ಕೈ ತೊಳೆದು ಹೊರಗೆ ಬರುವಷ್ಟರಲ್ಲಿ ಸೈರನ್ ಆಯಿತು. ನಾನು ನನ್ನ ಜಾಗದಲ್ಲಿ ಕೂತು ಕಣ್ಣು ಬಿಗಿದೆ. ಸ್ಟವ್ ಭುಸುಗುಟ್ಟಿತು, ಸಾಸಿವೆ ಸಿಡಿಯಿತು, ಪುಟ್ಟಮಾದಪ್ಪ ಮೊದಲ ಏಟು ಹಾಕಿದ.

ಟ್ರಂಕು ಢಣ್ ಎಂದಿತು. ನಿನ್ನೆಯ ಹಾಗಲ್ಲ. ಗಂಟೆಯ ಹಾಗೆ, ಒಳಗೆ ಒಂದು ಕರವಸ್ತ್ರವೂ ಇಲ್ಲದ ಹಾಗೆ. ಹಾರ್ಮೋನಿಯಂ ಒಂದು ಕ್ಷಣ ತಡವರಿಸಿ ನಿಂತಿತು; ಮತ್ತೆ ಹಿಡಿದುಕೊಂಡಾಗ ಮೊದಲಿಗಿಂತ ಒಂದು ಸ್ವರ ಮೇಲಿತ್ತು. ಅನ್ವರ್ ಸಾಹೇಬರು ಅದಕ್ಕೇ ಹೊಂದಿಸಿಕೊಂಡರು.

"ಏನೇ ಇಂದೂ ಇದು?" ಎಂಬ ಅಣ್ಣನ ದನಿ ಜಗುಲಿಯಿಂದ ಕೇಳಿಸಿತು. "ಮಟಮಟ ಮಧ್ಯಾಹ್ನದಲ್ಲಿ ಊರಿಗೆ ಊರೇ ಕಣ್ಮುಚ್ಕೊಂಡು ಕೂತಿದೆಯಲ್ಲ."

"ಮೆಲ್ಲಗೆ ಮಾತಾಡಣ್ಣಾ," ಎಂದಳು ಇಂದುಮತಿ, ಆಕಳಿಸುತ್ತ. "ಕತ್ತಲಾಗಿದೆ."